ಖಾಲಿ ಜಾಗದ ಪ್ರಭಂಜನ

ಸಂಡೂರಿನ ಗಣಿ ಕಂಪನಿಯೊಂದಕ್ಕೆ ಪ್ರೋಗ್ರಾಂ ಬರೆಯುವ ಪ್ರಭಂಜನನಿಗೆ ಖಾಲಿ ಜಾಗ ಕಂಡರಾಗದು. ಕಾರ್ಮಿಕರ ವಿವರಗಳಲ್ಲಿ ಒಂದು ಬಿಟ್ಟುಹೋದರೂ ಪ್ರೋಗ್ರಾಂ ನಿಲ್ಲುತ್ತದೆಂದು ಎಲ್ಲಕ್ಕೂ ಒಂದು ಡೀಫಾಲ್ಟ್ ಉತ್ತರ ಮೊದಲೇ ತುಂಬಿಡುತ್ತಾನೆ. ಬಸ್ಸು ಯಾವುದೆಂದು ಹೇಳದವನು ಯಶವಂತನಗರದ ಬಸ್ಸಿನವನು, ಬೂಟಿನ ಅಳತೆ ಹೇಳದವನು ಎಂಟನೇ ನಂಬರಿನವನು. ಮನೆಯಲ್ಲೂ ಅದೇ ಚಾಳಿ: "ಏನೂ ಸಿಗಲಿಲ್ಲಂದ್ರ ಬದನಿಕಾಯಿ ಮಾಡು." "ನಾ ಸಿಗಲಿಲ್ಲಂದ್ರ ಯಾರನ್ನ ಮಾಡ್ಕೊಂತಿದ್ರಿ?" ಎಂದು ಹೆಂಡತಿ ನೀರಜಾ ಕುಟುಕುತ್ತಾಳೆ. ಮೊನ್ನೆ ಊಟದ ಹೊತ್ತಿಗೆ ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿದರು: "ಗಣಿ ಕೆಲ್ಸದ ತಾಯಪ್ಪನ ಕಾಲಿಗೆ ಆಪರೇಷನ್ ಐತ್ರಿ, ಜೋಡಿ ಇರೋರು ಬೇಕು. ಕಂಪನಿ ಕಾರ್ಡಿನಾಗ ಮನಿಯವ್ರದಂತ ಈ ನಂಬರ್ ಐತಿ." ಯಾರೂ ಇಲ್ಲವೆಂದು ಬರೆಸಿದ ಕಾರ್ಮಿಕರಿಗೆಲ್ಲ ಪ್ರಭಂಜನ ತನ್ನ ನಂಬರನ್ನೇ ತುಂಬಿಟ್ಟಿದ್ದ. "ನೀವು ಏನಾಗ್ಬೇಕ್ರಿ ಅವ್ರಿಗೆ?" ಎಂದರು ನರ್ಸಮ್ಮ. ಅರ್ಧ ಊಟಕ್ಕೇ ಎದ್ದವನು, "ತಮ್ಮ ಅಂತ ಬರ್ಕೊಳ್ರಿ, ಬಂದೆ" ಎಂದ.