ಮಿಸೆಸ್ ಪಾರ್ಕ್ ಮಾಡಿದ ರಸ್ತೆ

ಒಂದು ಮಾತೂ ಅರ್ಥವಾಗದ ಸಿನಿಮಾ ನೋಡಿ ಅತ್ತವಳು ನಾನು. ಅದೂ ಮನೆಯಲ್ಲಲ್ಲ, ಅಮೆರಿಕದ ಕ್ಯಾರಲ್ಟನ್ ಎಂಬ ಊರಿನ ಒಂದು ಕೊರಿಯನ್ ಅಂಗಡಿಯ ಗಲ್ಲಾದ ಎದುರು, ಕೈಯಲ್ಲಿ ಮೂಲಂಗಿ ಹಿಡಿದುಕೊಂಡು.

ಆಗಿನ್ನೂ ಮದುವೆಯಾಗಿ ಹೊಸದಾಗಿ ಬಂದಿದ್ದೆ. ಇವರು ಬೆಳಿಗ್ಗೆ ಕಾರು ತೆಗೆದುಕೊಂಡು ಡಾಲಸ್‌ನ ಆಫೀಸಿಗೆ ಹೋದರೆ ಬರುವುದು ಕತ್ತಲಾಗುವ ಹೊತ್ತಿಗೆ. ಕೆಲಸ ಮಾಡಲು ನನ್ನ ವೀಸಾ ಬಿಡುತ್ತಿರಲಿಲ್ಲ, ಡ್ರೈವಿಂಗ್ ಬರುತ್ತಿರಲಿಲ್ಲ. ಮಧ್ಯಾಹ್ನ ಫ್ರಿಜ್ಜಿನ ಸದ್ದು ತಟ್ಟನೆ ನಿಂತರೆ ಮನೆಯೊಳಗಿಂದ ಯಾರೋ ಎದ್ದು ಹೋದ ಹಾಗಾಗುತ್ತಿತ್ತು. ನಡೆದು ಹೋಗಬಹುದಾದ ಜಾಗ ಆ ಅಂಗಡಿಯೊಂದೇ. ಹಾಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಮೂಲಂಗಿ ಹುಳಿ ಅತಿಯಾಯಿತು.

ಗಲ್ಲಾದಲ್ಲಿ ಕೂರುತ್ತಿದ್ದವರು ಮಾಲೀಕನ ತಾಯಿ, ಮಿಸೆಸ್ ಪಾರ್ಕ್. ಬಾಡಿಗೆಗೆ ಇಟ್ಟಿದ್ದ ವಿಡಿಯೋ ಕ್ಯಾಸೆಟ್‌ಗಳನ್ನು ಪಕ್ಕದ ಪುಟ್ಟ ಟೀವಿಯಲ್ಲಿ ತಾವೇ ಹಾಕಿಕೊಂಡು ನೋಡುತ್ತಿದ್ದರು. ಆ ದಿನ ಹಾಕಿದ್ದು ಒಂದು ಹಳ್ಳಿಯ ಕಥೆ. ಗಂಡಸರೆಲ್ಲ ಹೆಂಡದಂಗಡಿಯಲ್ಲಿ ಕೂತಿರುತ್ತಾರೆ. ಒಬ್ಬ ಸೊಸೆ ಊರ ಹೆಂಗಸರನ್ನು ಕೂಡಿಸಿಕೊಂಡು ಗುಡ್ಡ ಕಡಿದು ರಸ್ತೆ ಮಾಡಲು ಹೊರಡುತ್ತಾಳೆ. ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅತ್ತೆಯ ಮುಖಕ್ಕೆ ಯಾವ ದೇಶದಲ್ಲೂ ಸಬ್‌ಟೈಟಲ್ ಬೇಡ. ಆಮೇಲೆ ಅದೇ ಅತ್ತೆ ಬುಟ್ಟಿ ಹಿಡಿದುಕೊಂಡು ಬಂದು ಸಾಲಿನ ಕೊನೆಯಲ್ಲಿ ಸುಮ್ಮನೆ ನಿಂತಾಗ ನಾನು ಅತ್ತುಬಿಟ್ಟೆ. ತಿರುಗಿ ನೋಡಿದರೆ ಮಿಸೆಸ್ ಪಾರ್ಕ್ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

“ಮೈ ವಿಲೇಜ್. ಸೇಮ್,” ಎಂದರು.

ಅರ್ಧ ಇಂಗ್ಲಿಷಿನಲ್ಲಿ, ಇನ್ನರ್ಧ ಕೈಸನ್ನೆಯಲ್ಲಿ ಅವರು ಹೇಳಿದ್ದಿಷ್ಟು: ಅವರೂ ಸೊಸೆಯಾಗಿ ಬಂದ ಹೊಸದರಲ್ಲಿ ಓರಗೆಯ ಹೆಂಗಸರೊಂದಿಗೆ ತಲೆಯ ಮೇಲೆ ಕಲ್ಲು ಹೊತ್ತು ಊರಿಗೆ ರಸ್ತೆ ಮಾಡಿದ್ದರು. ರಸ್ತೆ ಬಂತು, ಬಸ್ಸು ಬಂತು. ಗಂಡನಿಗೆ ಪೇಟೆಯಲ್ಲಿ ಕೆಲಸ ಸಿಕ್ಕಿ, ಅದೇ ಬಸ್ಸಿನಲ್ಲಿ ಅವರ ಸಂಸಾರ ಊರು ಬಿಟ್ಟಿತು. ಕಲ್ಲು ಹೊತ್ತ ಗೆಳತಿಯರೆಲ್ಲ ಆ ರಸ್ತೆಯ ಅಂಚಿನಲ್ಲೇ ನಿಂತು ಕೈಬೀಸಿದ್ದರಂತೆ. ಮತ್ತೆ ಅವರನ್ನು ನೋಡಿಲ್ಲ.

“ಡ್ರೈವ್ ಮಾಡ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಇಲ್ಲವೆಂದು ತಲೆಯಾಡಿಸಿದರು. “ದೇರ್, ಐ ಮೇಕ್ ರೋಡ್. ಹಿಯರ್, ಟೂ ಮಚ್ ರೋಡ್. ಐ ಸಿಟ್.”

ಹೆಸರೇ ಪಾರ್ಕ್ ಅಂತಿರುವಾಗ ಇನ್ನೇನು ಮಾಡುತ್ತೀರಿ ಎಂದು ತಮಾಷೆ ಮಾಡಬಹುದಿತ್ತು. ಮೂಲಂಗಿಯ ದುಡ್ಡು ಕೊಟ್ಟು ಮನೆಗೆ ನಡೆದೆ.

ಅಂದು ಸಂಜೆ ಇವರು ಶೂ ಬಿಚ್ಚುವ ಮೊದಲೇ ಹೇಳಿದೆ: “ರೀ, ನಂಗೆ ಡ್ರೈವಿಂಗ್ ಕಲಿಸಿ. ಅಂಗಡಿಯ ಮಿಸೆಸ್ ಪಾರ್ಕ್ ಅವರಿಗೂ.”

“ಅವರಿಗೂನಾ? ನಿನ್ನೊಬ್ಬಳಿಗೆ ಕಲಿಸೋಕೇ ನನ್ನ ಬಿಪಿ ಏರುತ್ತೆ ಕಣೇ!”

ಆದರೂ ಶನಿವಾರಗಳಂದು ಒಂದು ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಪಾಠ ಶುರುವಾಯಿತು. ಇವರಿಗೆ ಗಾಬರಿಯಾದರೆ ಇಂಗ್ಲಿಷ್ ಮರೆತುಹೋಗುತ್ತಿತ್ತು. ಒಮ್ಮೆ ಮಿಸೆಸ್ ಪಾರ್ಕ್ ಸ್ಟಿಯರಿಂಗ್ ಹಿಡಿದಿದ್ದಾಗಲೂ “ಬ್ರೇಕು, ಬ್ರೇಕು ಒತ್ತೇ!” ಎಂದು ಕೂಗಿ ನಾಲಿಗೆ ಕಚ್ಚಿಕೊಂಡರು. ಅವರು ಬ್ರೇಕ್ ಒತ್ತಿ, ಕೊರಿಯನ್‌ನಲ್ಲಿ ಏನೋ ಉತ್ತರ ಕೊಟ್ಟರು. ಏನೆಂದು ನಾವು ಕೇಳಲಿಲ್ಲ. ದನಿ ನೋಡಿದರೆ ಗೌರವದ ಮಾತಾಗಿರಲಾರದು.

ಲೈಸೆನ್ಸ್ ಸಿಕ್ಕಿದ್ದು ಅವರಿಗೆ ಮೊದಲು. ಕಾರು ಹಿಂದಕ್ಕೆ ತಂದು ನಿಲ್ಲಿಸುವಲ್ಲಿ ನಾನು ಫೇಲಾದೆ. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಮಗನ ಕಾರು ತಂದು ನಮ್ಮ ಬಾಗಿಲಲ್ಲಿ ಹಾರ್ನ್ ಮಾಡಿದರು. ನಾನು ಮೊದಲು ಎದ್ದೇ ಹೋಗಲಿಲ್ಲ. ಆ ದೇಶದಲ್ಲಿ ನನಗೆಂದು ಹಾರ್ನ್ ಮಾಡುವವರು ಯಾರಿದ್ದರು?

“ಗೋ ವೇರ್?” ಎಂದರು, ನಾನು ಹತ್ತಿ ಕೂತ ಮೇಲೆ. ಅದನ್ನು ಇಬ್ಬರೂ ಯೋಚಿಸಿರಲಿಲ್ಲ. ಸಿನಿಮಾದ ಹೆಂಗಸರಿಗಾದರೆ ಸಂತೆಯಿತ್ತು, ಆಸ್ಪತ್ರೆಯಿತ್ತು, ಮಕ್ಕಳ ಶಾಲೆಯಿತ್ತು. ನಮಗೆ ಬರೀ ರಸ್ತೆಯಿತ್ತು. ಸುಮ್ಮನೆ ಉತ್ತರದ ಕಡೆಗೆ ಹೋದೆವು. ದೊಡ್ಡ ಕೆರೆಯೊಂದು ಕಂಡಲ್ಲಿ ನಿಲ್ಲಿಸಿ, ನಾನು ಡಬ್ಬಿಗೆ ಹಾಕಿಕೊಂಡಿದ್ದ ಬೆಳಗಿನ ಚಿತ್ರಾನ್ನವನ್ನು ಹಂಚಿಕೊಂಡು ತಿಂದೆವು. ಗೊತ್ತಿದ್ದ ಇಂಗ್ಲಿಷ್ ಬೇಗ ಮುಗಿಯಿತು. ಆಮೇಲೆ ಅವರು ಕಲ್ಲು ಹೊತ್ತ ಗೆಳತಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನಾನು ಹಾಸ್ಟೆಲ್ಲಿನ ಗೆಳತಿಯರ ಹೆಸರು ಹೇಳಿದೆ. ಎಷ್ಟೋ ದಿನಗಳಿಂದ ಆ ಹೆಸರುಗಳನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸಂಜೆ ಇವರು ಬಂದವರೇ, “ಎಷ್ಟು ಸಲ ಫೋನ್ ಮಾಡಿದೆ, ಎತ್ತಲೇ ಇಲ್ಲ. ಎಲ್ಲಿಗೆ ಹೋಗಿದ್ದೆ?” ಎಂದರು.

“ಇಲ್ಲೇ,” ಎಂದೆ.

ನಮ್ಮ ಕಡೆಯ ಹೆಂಗಸರು ಎಲ್ಲಿಗೆ ಹೋಗಿ ಬಂದರೂ ಹೇಳುವ ಉತ್ತರ ಅದೇ. ಅಮೆರಿಕದಲ್ಲಿ ಅದನ್ನು ಹೇಳುವ ಭಾಗ್ಯ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಎಲ್ಲಿಗಾದರೂ ಹೋಗಿದ್ದರೆ ತಾನೇ!