ಮಠದೊಳಗಿನ ಬಿಸಿಲ ರೊಟ್ಟಿ

ಮಠದ ನಡುವೆ ನಿಂತು ನಮ್ಮತ್ತೆ ನನ್ನನ್ನು ಸುಳ್ಳುಗಾರ ಮಾಡಿಬಿಟ್ಟಳು. ಅದೂ ಗಟ್ಟಿ ದನಿಯಲ್ಲಿ. ಕಲ್ಲಿನ ಛಾವಣಿ ಅದನ್ನು ಇನ್ನೊಮ್ಮೆ ಹೇಳಿತು.

ಹರಪನಹಳ್ಳಿ ಪೇಟೆಯ ನಡುವೆ ಒಂದು ಹಳೆಯ ಕಲ್ಲುಮಠವಿದೆ. ಎಷ್ಟು ಹಳೆಯದು? ಒಬ್ಬೊಬ್ಬರು ಒಂದೊಂದು ಶತಮಾನ ಹೇಳುತ್ತಾರೆ. (ಶತಮಾನ ಹಂಚುವುದರಲ್ಲಿ ನಮ್ಮವರು ಬಹಳ ಉದಾರಿಗಳು.) ಬಹುಕಾಲ ಬೀಗ ಬಿದ್ದಿದ್ದ ಅದನ್ನು ದುರಸ್ತಿ ಮಾಡಿ ಮತ್ತೆ ತೆರೆದಿದ್ದಾರೆ ಎಂದು ಗೊತ್ತಾಯಿತು. ತೆಲಿಗಿಯಿಂದ ಅತ್ತೆಯನ್ನು ಬಸ್ಸು ಹತ್ತಿಸಿಕೊಂಡು ಹೋದೆ. ಅತ್ತೆ ಎಂದರೆ ಅಪ್ಪನ ತಂಗಿ.

ಸುಮ್ಮನೆ ನೋಡಲು ಹೋದದ್ದಲ್ಲ. ನನಗೊಂದು ವಿಷಯ ಇತ್ಯರ್ಥವಾಗಬೇಕಿತ್ತು.

ಅಪ್ಪ ತೀರಿಕೊಂಡಾಗ ನನಗಿನ್ನೂ ನಾಲ್ಕು ತುಂಬಿರಲಿಲ್ಲ. ಅಪ್ಪನದು ಅಂತ ನನ್ನ ಬಳಿ ಇರುವುದು ಒಂದೇ ನೆನಪು. ಕತ್ತಲೆಯ ತಣ್ಣನೆಯ ಜಾಗ. ಮೇಲಿನ ಕಿಂಡಿಯಿಂದ ಬಿದ್ದ ದುಂಡನೆಯ ಬಿಸಿಲು. ಅದು ನನ್ನ ಅಂಗೈಯಲ್ಲಿ. ‘ರೊಟ್ಟಿ ಬಂತು, ಹಿಡಿ’ ಎನ್ನುವ ಒಂದು ದನಿ. ಅಷ್ಟೇ. ಮುಖ ಇಲ್ಲ.

ಅಪ್ಪ ಹುಡುಗನಾಗಿದ್ದಾಗ ಈ ಮಠದಲ್ಲೇ ಉಂಡು, ಇಲ್ಲೇ ಮಲಗಿ, ಹೈಸ್ಕೂಲು ಓದಿದವನು. ನನ್ನನ್ನೂ ಇಲ್ಲಿಗೆ ಕರೆತಂದಿರಬೇಕು ಎಂದುಕೊಂಡಿದ್ದೆ. ಬೀಗ ಬೀಳುವ ಮುಂಚೆ, ಕಾಲೇಜಿನ ದಿನಗಳಲ್ಲಿ ಒಮ್ಮೆ ಬಂದು ನೋಡಿದೆ. ಕಂಬಗಳಿಗೆಲ್ಲ ಹಸಿರು ಆಯಿಲ್ ಪೇಂಟು. ಛಾವಣಿ ಪೂರ್ತಿ ಮಸಿ. ಕಿಂಡಿ ಎಲ್ಲೂ ಇಲ್ಲ.

ಆಮೇಲೆ ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರ ಓದಿದೆ. ಮೂರು ವರ್ಷದ ಮಗುವಿನ ನೆನಪನ್ನು ನಂಬಬಾರದು ಎಂದು ಅಲ್ಲಿ ಹೇಳಿಕೊಟ್ಟರು. ಅದನ್ನೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕ್ಸ್ ತೆಗೆದುಕೊಂಡೆ. (ಅಪ್ಪನನ್ನು ಕೊಟ್ಟು ಕೊಂಡ ಮಾರ್ಕ್ಸ್ ಅದು.)

ಹೊರಗೆ ಮೆಕ್ಕೆಜೋಳದ ಲಾರಿಗಳ ಹಾರ್ನು, ಮೊಬೈಲ್ ಅಂಗಡಿಯ ಹಾಡು, ಬೇಕರಿಯ ವಾಸನೆ. ಹೊಸ್ತಿಲು ದಾಟಿದರೆ ಎಲ್ಲ ಒಮ್ಮೆಲೇ ಕಡಿದುಹೋಯಿತು. ನಾನು ಸುಲಭಕ್ಕೆ ಬೆರಗಾಗುವ ಆಸಾಮಿಯಲ್ಲ. ಅಂದು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಪೇಂಟು ಕಳಚಿದ ಕಂಬಗಳು ಈಗಷ್ಟೇ ಮಿಂದು ಬಂದವರಂತೆ ಸಾಲಾಗಿ ನಿಂತಿದ್ದವು. ಒಂದರಲ್ಲಿ ಹೂಬಳ್ಳಿ, ಇನ್ನೊಂದರಲ್ಲಿ ಗಂಟೆಯ ಸರ, ಮತ್ತೊಂದರಲ್ಲಿ ಹಂಸ. ಆ ಹಂಸದ ಕೊಕ್ಕನ್ನು ಕೆತ್ತಿದವನು ಅಂದು ಬೆಳಿಗ್ಗೆ ಏನು ತಿಂದು ಬಂದಿದ್ದ? ಅವನ ಹೆಸರೇನು? ಯಾರಿಗೂ ಗೊತ್ತಿಲ್ಲ. ಕೊಕ್ಕು ಇನ್ನೂ ಬೆರಳಿಗೆ ಚುಚ್ಚುತ್ತದೆ.

ಆಮೇಲೆ ತಲೆ ಎತ್ತಿದೆ. ಛಾವಣಿಯಲ್ಲಿ ಕಿಂಡಿ ಇತ್ತು.

ದುಂಡನೆಯ ಕಿಂಡಿ. ಅದರಿಂದ ಇಳಿದ ಬಿಸಿಲು ಕಲ್ಲುಹಾಸಿನ ಮೇಲೆ ದುಂಡಗೆ ಕೂತಿತ್ತು.

“ಮ್ಯಾಲಿನ ಸಿಮೆಂಟ್ ಕಿತ್ತಿದ್ರ ಒಂದು ಚಪ್ಪಡಿ ಸಿಕ್ತ್ರಿ. ಚಪ್ಪಡಿ ಎತ್ತಿದ್ರ ಇದು. ನಮಗೂ ಗೊತ್ತಿದ್ದಿಲ್ಲ,” ಎಂದರು ಮಠದ ಉಸ್ತುವಾರಿ ನೋಡುವವರು.

ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅತ್ತೆಯ ತೋಳು ಹಿಡಿದುಕೊಂಡೆ. “ಅತ್ತಿ, ಇದೇ ನೋಡು. ಅಪ್ಪ ನನ್ನ ಇಲ್ಲಿ ಕುಂದ್ರಿಸಿ ಈ ಬಿಸಿಲು ತೋರಿಸಿದ್ದ. ನಾ ನೋಡೀನಿ.”

“ಸುಳ್ಳು ಹೇಳಬ್ಯಾಡಲೇ.”

“ನನಗ ಛಲೋ ನೆನಪೈತಿ.”

“ಹೆಂಗ ಇರತೈತಿ? ನನ್ನ ಮದಿವಿ ಊಟ ಆಗಿದ್ದು ಇಲ್ಲೇ. ಮಳಿ ಸೋರತೈತಿ ಅಂತ ಅಷ್ಟೊತ್ತಿಗೇ ಇದನ್ನ ಮುಚ್ಚಿದ್ರು. ಒಲಿ ಹೊಗಿ ಹೋಗಾಕ ದಾರಿ ಇಲ್ದ ಬೀಗರೆಲ್ಲ ಕಣ್ಣು ಒರಸ್ಕಂತ ಉಂಡ್ರು. ನಾ ಹೊಂಟೆ ಅಂತ ಅಳಾಕತ್ಯಾರ ಅನ್ಕಂಡಿದ್ದೆ ನಾನು. ಆವಾಗ ನಿಮ್ಮಪ್ಪಗ ಇನ್ನೂ ಹೆಣ್ಣೇ ನೋಡಿದ್ದಿಲ್ಲ, ನೀ ಎಲ್ಲಿ ಬಂದಿ?”

ಉಸ್ತುವಾರಿಯವರು ನಕ್ಕರು. ನಾನೂ ನಕ್ಕೆ. ಹಾಗಾದರೆ ಯೂನಿವರ್ಸಿಟಿ ಹೇಳಿದ್ದೇ ಸರಿ. ನಾನಿದನ್ನು ಕಂಡಿಲ್ಲ, ಕಾಣಲು ಸಾಧ್ಯವೂ ಇಲ್ಲ. ಆದರೆ ಕಾಣದ ಕಿಂಡಿ ನನ್ನ ತಲೆಯೊಳಗೆ ಹೇಗೆ ಬಂತು?

“ಹಂಗಾರ ‘ರೊಟ್ಟಿ ಬಂತು, ಹಿಡಿ’ ಅಂದವ್ರು ಯಾರು ಅತ್ತಿ?” ಎಂದೆ. ಆ ಮಾತನ್ನು ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಆಡಿರಲಿಲ್ಲ.

ಅತ್ತೆ ಕಂಬಕ್ಕೆ ಬೆನ್ನು ಕೊಟ್ಟು ಕೂತಳು.

“ಇಲ್ಲಿ ಹುಡುಗ್ರು ಈ ಬಿಸಿಲಿಗೇ ರೊಟ್ಟಿ ಅಂತಿದ್ರಂತ. ಸರಕಂತ ಸರಕಂತ ಈ ಕಂಬದ ಬುಡಕ್ಕ ಬಂತಂದ್ರ ಊಟದ ಗಂಟಿ. ಪುಸ್ತಕ ಬಿಟ್ಟು ಇದನ್ನೇ ನೋಡ್ಕಂತ ಕುಂದರ್ತಿದ್ರಂತ. ರಜಾಕ್ಕ ಮನಿಗೆ ಬಂದಾಗ ನಿಮ್ಮಪ್ಪಂದು ಇದೇ ಮಾತು.”

“ಬಿಸಿಲು ಕಾಲಕಾಲಕ್ಕ ಜಾಗ ಬದಲಿಸ್ತೈತಿ ಅತ್ತಿ. ಗಡಿಯಾರ ಹೆಂಗ ಆದೀತು?”

“ಹಸದ ಹುಡುಗ್ರಿಗೆ ಯಾವ ಕಾಲ ಆದ್ರೇನಲೇ? ಓದಿ ಓದಿ ಕೆಟ್ಟಿ ನೀನು.”

ಆಮೇಲೆ ನನ್ನ ಕೈ ಎಳೆದುಕೊಂಡಳು. “ನಮ್ಮನಿಗೆ ಬಂದಾಗ ನೀ ಅಳಾಕತ್ತಿದ್ರ ತೊಡಿ ಮ್ಯಾಲೆ ಕುಂದ್ರಿಸ್ಕಂಡು ಹಿಂಗ ಮಾಡ್ತಿದ್ದ. ಕಣ್ಣು ಮುಚ್ಚು, ಮಠಕ್ಕ ಹೋಗೂನು ಅಂತಿದ್ದ. ಕತ್ತಲ ಐತಿ, ಕಲ್ಲು ತಣ್ಣಗ ಐತಿ, ಮ್ಯಾಲೆ ಕಿಂಡಿ ಐತಿ ಅಂತಿದ್ದ...” ಒರಟು ಬೆರಳಿನಿಂದ ನನ್ನ ಅಂಗೈ ಮೇಲೆ ದುಂಡಗೆ ಗೆರೆ ಎಳೆದಳು. “ರೊಟ್ಟಿ ಬಂತು, ಹಿಡಿ.”

ಅಪ್ಪ ನನ್ನನ್ನು ಈ ಮಠಕ್ಕೆ ಎಂದೂ ಕರೆತಂದಿರಲಿಲ್ಲ. ದನಿ ಮಾತ್ರ ಅವನದೇ. ಅಂಗೈ ಮೇಲೆ ಬಿಸಿಲು ಬರೆದ ಬೆರಳೂ ಅವನದೇ.

ನಿಮ್ಮ ಬಾಲ್ಯದ ನೆನಪುಗಳಲ್ಲಿ ನೀವು ಕಂಡದ್ದೆಷ್ಟು, ಯಾರೋ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದೆಷ್ಟು? ಬೇರ್ಪಡಿಸಿ ನೋಡಿ. ನಾನಂತೂ ಆ ಕೆಲಸ ಕೈಬಿಟ್ಟೆ.

ಬಿಸಿಲು ಕಂಬದ ಸಮೀಪ ಬಂದಿತ್ತು. ಬಗ್ಗಿ ಅದರ ಕೆಳಗೆ ಅಂಗೈ ಒಡ್ಡಿದೆ. ಬೆಚ್ಚಗಿತ್ತು. “ಗಂಟಿ ಆತು, ಏಳು. ನನಗ ಹಸಿವಾಗೈತಿ,” ಎಂದಳು ಅತ್ತೆ.

ಮುಚ್ಚಿಹೋದ ಕಿಂಡಿಯಿಂದಲೂ ಒಬ್ಬ ಅಪ್ಪ ಮಗನ ಅಂಗೈಗೆ ಬಿಸಿಲು ಇಳಿಸಬಲ್ಲ ಎಂದು ಬರೆದರೆ, ಯಾವ ಯೂನಿವರ್ಸಿಟಿ ನನ್ನನ್ನು ಪಾಸು ಮಾಡೀತು?