ಹಳ್ಳದ ಬೇಲಿಯ ಗೇಟು

ಆ ದಿನವೂ ಗಂಡ ಚಹಾ ಆರಲು ಬಿಟ್ಟು, ಆಮೇಲೆ ಬಿಸಿ ಮಾಡಿಕೊಡು ಎಂದ. ಅವಳು ಬೈದಳು. ಇಕ್ಕಳ ಎಲ್ಲಿ ಎಂದು ಮನೆಯೆಲ್ಲ ಹುಡುಕಿದ; ನಿಮ್ಮ ಜೇಬಿನಲ್ಲೇ ಇದೆಯಲ್ಲ ಎಂದಳು. ನಕ್ಕು ಹೊರಟ. ಮರುದಿನ ಅವನನ್ನು ಮಣ್ಣಿನಡಿಯಿಂದ ಎಳೆದು ತೆಗೆದರು.

ಜನ ಅವನನ್ನು ಹುಲ್ಲು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವನೇನಲ್ಲ. ಮಣ್ಣು ಉಳಿಸುವ ಕಚೇರಿಯವರು ಅವನನ್ನು ರೈತರ ಹೊಲಗಳಿಗೆ ಕಳಿಸುತ್ತಿದ್ದರು. ಹಳ್ಳದ ದಂಡೆಗೆ ತಂತಿಬೇಲಿ ಹಾಕಿ, ದನ ಇಳಿಯದಿದ್ದರೆ ಹುಲ್ಲು ಬೆಳೆದು ಬೇರು ಮಣ್ಣು ಹಿಡಿಯುತ್ತದೆ, ದನಕ್ಕೆ ಮೇಲೆ ತೊಟ್ಟಿ ಕಟ್ಟಿ ನೀರು ಕೊಡಿ. ಇದನ್ನೇ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಕಂಬದ ಗುಂಡಿಯನ್ನೂ ತಾನೇ ತೋಡಿಕೊಡುತ್ತಿದ್ದ. ಊರವರ ಹಳ್ಳಕ್ಕೆಲ್ಲ ಬೇಲಿ, ನಮ್ಮ ಹಿತ್ತಲಿಗೆ ಯಾವಾಗ ಎಂದು ಅವಳು ಚುಚ್ಚುತ್ತಿದ್ದಳು.

ಅವನ ಸ್ವಂತ ಅಣ್ಣನೂ ಬೇಲಿ ಹಾಕಿಸಿಕೊಂಡ. ಆದರೆ ತೊಟ್ಟಿ ತುಂಬಿಸಬೇಕಾದರೆ ಪಂಪು ಹಾಕಿ ಕಾಯಬೇಕು. ಅಷ್ಟು ಮೈ ಬಗ್ಗಬೇಕಲ್ಲ. ತಮ್ಮ ಆ ಕಡೆ ಬಾರದ ದಿನ ಗೇಟು ತೆಗೆದು ದನಗಳನ್ನು ಹಳ್ಳಕ್ಕೆ ಬಿಡುತ್ತಿದ್ದ. ಅವು ಒಂದೇ ಜಾಗದಲ್ಲಿ ಇಳಿದಿಳಿದು ದಂಡೆಯ ಬುಡ ಕುಸಿಯಿತು, ನೀರು ಒಳಗೆ ಕೊರೆಯಿತು. ಮೇಲೆ ನೋಡಿದರೆ ಹಸಿರು, ಕೆಳಗೆ ಟೊಳ್ಳು.

ಕರುವೊಂದು ಕೆಸರಿನಲ್ಲಿ ಹೂತಿದೆ ಎಂದು ಅಣ್ಣನೇ ಕರೆದ. ತಮ್ಮ ಇಳಿದು ಕರುವನ್ನು ಮೇಲೆ ತಳ್ಳಿದ. ದಂಡೆ ಅವನ ಮೇಲೆ ಬಿತ್ತು. ಕರು ಬದುಕಿತು.

ಸಾವಿನ ಮನೆಯಲ್ಲಿ ಆ ಅಣ್ಣ, ಅವಳ ಭಾವ, ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ. ಕಾಲು ಜಾರಿತು, ಹಣೆಬರಹ. ಜನ ಲೊಚಗುಟ್ಟುತ್ತಿದ್ದರು. ಗೋಡೆಗೆ ಒರಗಿ ಕೂತವಳು ತಲೆ ಎತ್ತಿದಳು.

"ಕಾಲು ಜಾರಿಲ್ಲ ಭಾವ. ಗೇಟು ತೆಗೆದಿದ್ರಿ ನೀವು. ಅವತ್ತೊಂದೇ ದಿನ ಅಲ್ಲ."

"ಪಾಪ, ದುಃಖದಲ್ಲಿ ಏನೋ ಮಾತಾಡ್ತಾಳೆ," ಎಂದು ಅವನು ಜನರ ಕಡೆ ತಿರುಗಿದ.

"ನೆಟ್ಟಗೇ ಮಾತಾಡ್ತಿದೀನಿ. ಗೇಟಿನಾಚೆ ದಾರೀಲಿ ಒಣಗಿದ ಸಗಣಿನೂ ಇತ್ತು, ಹಸಿದೂ ಇತ್ತು. ನಾನು ಅದನ್ನ ತುಳ್ಕೊಂಡೇ ಓಡಿ ಬಂದೆ."

ವಾರಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೂ ಗೊತ್ತಿತ್ತು.

ನೆಂಟರು ಹೋಗಿ ಮನೆ ಖಾಲಿಯಾದ ಮೇಲೆ ಒಂದು ಬೆಳಿಗ್ಗೆ ಅವಳು ಹಳ್ಳದ ಕಡೆ ಹೋದಳು. ಗೇಟು ಹಾರು ಹೊಡೆದಿತ್ತು. ದನಗಳು ಅದೇ ಜಾಗದಲ್ಲಿ ನಿಂತು ನೀರು ಕುಡಿಯುತ್ತಿದ್ದವು. ಅವಳ ಮೈ ಉರಿದುಹೋಯಿತು. ದನಗಳನ್ನು ಹೊರಗಟ್ಟಿ, ಮನೆಗೆ ಹೋಗಿ ಸರಪಳಿ, ಬೀಗ ತಂದು ಜಡಿದಳು.

ದನ ಬಾಯಾರಿ ಸಾಯ್ತವೆ, ನನ್ನ ಹೊಲ ಇದು ಎಂದು ಭಾವ ಕೂಗಾಡಿದ.

"ತೊಟ್ಟಿ ನಾನು ತುಂಬಿಸ್ತೀನಿ. ಬೀಗ ಮುಟ್ಟಿ ನೋಡಿ, ಊರು ಸೇರಿಸ್ತೀನಿ."

ಅವನು ಮುಟ್ಟಲಿಲ್ಲ.

ಈಗಲೂ ಅವಳು ದಿನಾ ಬೆಳಿಗ್ಗೆ ಹೋಗುತ್ತಾಳೆ. ಬೀಗ ಜಗ್ಗಿ ನೋಡಿ, ಪಂಪು ಹಾಕುತ್ತಾಳೆ. ಆ ಕರು ಈಗ ಬಲಿತಿದೆ. ಎಲ್ಲಕ್ಕಿಂತ ಮುಂಚೆ ನುಗ್ಗಿ ತೊಟ್ಟಿಗೆ ಬಾಯಿ ಹಾಕುತ್ತದೆ. ಅದರ ಮುಖ ಅವಳಿಗಾಗದು. ಅದು ಕುಡಿದು ಮುಗಿಸುವವರೆಗೆ ಪಂಪು ನಿಲ್ಲಿಸುವುದಿಲ್ಲ.